ಕೆಂಪಿ ಯಾವ ಲೆಕ್ಕಕ್ಕೂ ಸಿಗಲಿಲ್ಲ

ಬೆಳಗಿನ ಜಾವ ಕೊಟ್ಟಿಗೆಯ ದೀಪ ಹಾಕಿದಾಗ ಕೆಂಪಿ ನಿಂತೇ ಇದ್ದಳು. ಅವಳ ಹಿಂದೆ ಒದ್ದೆ ನೆಲದ ಮೇಲೆ ಕರು ಬಿದ್ದಿತ್ತು. ಏಳು ತಿಂಗಳು ತುಂಬಿತ್ತಷ್ಟೆ. ಕಣ್ಣಿನ ರೆಪ್ಪೆ, ಮೂತಿ, ಬಾಲದ ತುದಿ ಬಿಟ್ಟರೆ ಮೈಮೇಲೆ ಕೂದಲೇ ಇರಲಿಲ್ಲ. ಗೊರಸು ಹಳದಿಯಾಗಿ, ಮೆತ್ತಗೆ ಇದ್ದವು. ಕೆಂಪಿ ತಿರುಗಿ ಅದನ್ನು ನೆಕ್ಕಲು ಹಗ್ಗ ಎಳೆಯುತ್ತಿದ್ದಳು. ಪಕ್ಕದಲ್ಲಿ ಕಟ್ಟಿದ್ದ ಕಪ್ಪು ಪಡ್ಡೆ ಕತ್ತು ಚಾಚಿ ಕರುವನ್ನು ಮೂಸುತ್ತಿತ್ತು. ಒಂದೆರಡು ಸಲ ನಾಲಿಗೆಯನ್ನೂ ಹಾಕಿತು. ನನಗೆ ಅಯ್ಯೋ ಪಾಪ ಅನ್ನಿಸಿತು. ಅದಕ್ಕೂ ಸಂಕಟ ಆಗಿರಬೇಕು ಅಂದುಕೊಂಡೆ.

ಆವತ್ತು ಆ ನಾಲಿಗೆಯನ್ನು ತಡೆಯಬೇಕಿತ್ತು ಅಂತ ಗೊತ್ತಾಗಲು ಎರಡೂವರೆ ವರ್ಷ ಬೇಕಾಯಿತು.

ಕೆಂಪಿಯನ್ನು ಕೊಂಡು ತಂದು ಆಗ ನಾಲ್ಕು ತಿಂಗಳಾಗಿತ್ತು. ಗಬ್ಬದ ಹಸು ಅಂತಲೇ ತಂದಿದ್ದೆವು. ದಿನ ತುಂಬುವ ಮೊದಲೇ ಹೀಗೆ ಕಂದು ಹಾಕಿದ್ದಕ್ಕೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಜಾರಿ ಬಿದ್ದಿರಬೇಕು. ಬೇರೆ ದನ ಹಾಯ್ದಿರಬೇಕು. ಹೊಸ ಜಾಗ, ಹೊಸ ಮೇವು, ಒಗ್ಗಿಲ್ಲ. ಎಲ್ಲವೂ ಆಗಬಹುದಾದದ್ದೇ, ಹಾಗಾಗಿ ಯಾರೂ ಮುಂದೆ ಕೇಳಲಿಲ್ಲ. ಸಂಜೆಯಾದರೂ ಕಸ, ಅಂದರೆ ಮಾಸು, ಬೀಳಲಿಲ್ಲ. ಮರುದಿನ ಅಣ್ಣ ಬರಿಗೈ ಹಾಕಿ ಅದನ್ನು ತೆಗೆದ. ದಪ್ಪಗೆ, ತೊಗಲಿನ ಹಾಗೆ ಇತ್ತು. ಮಧ್ಯೆ ಮಧ್ಯೆ ಹಳದಿ ಬೂದು ಬಣ್ಣದ ಲೋಳೆ. ವಾಸನೆ ಬಂತು, ನೀರು ಹಾಕಿ ತೊಳೆದೆವು. ಆ ನೀರು ಕೊಟ್ಟಿಗೆಯ ಉದ್ದಕ್ಕೂ ಹರಿದು ಹೋಯಿತು.

ಮುಂದಿನ ವರ್ಷ ಕೆಂಪಿ ದಿನ ತುಂಬಿ ಚೆಂದದ ಹೆಣ್ಣುಕರು ಹಾಕಿದಳು. ಹಣೆಯ ಮೇಲೆ ಬಿಳಿ ಚುಕ್ಕಿ ಇತ್ತು, ಹೆಸರೂ ಅದೇ ಆಯಿತು. ಹಿಂದಿನ ವರ್ಷದ್ದು ಏನೋ ಆಕಸ್ಮಿಕ ಅಂತ ಎಲ್ಲರಿಗೂ ಸಮಾಧಾನ. ಆದರೆ ಹಾಲು ನಿರೀಕ್ಷೆಗಿಂತ ಕಡಿಮೆ ಇತ್ತು. ಚುಕ್ಕಿ ಮೇವು ಕಚ್ಚಲು ಕಲಿತ ಮೇಲೆ ಕೆಂಪಿಯನ್ನು ಒಬ್ಬ ದಲ್ಲಾಳಿಗೆ ಮಾರಿದೆವು. ಕಂದು ಹಾಕಿದ್ದನ್ನು ಅವನಿಗೆ ಹೇಳಿದೆವಾ? ಇಲ್ಲ. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಈ ಬರಹ ಬರೆಯಲು ಕೂತಿದ್ದೇ ಆ ಒಂದು ವಾಕ್ಯಕ್ಕಾಗಿ.

ಆಮೇಲೆ ಕಪ್ಪು ಪಡ್ಡೆ ಗಬ್ಬ ನಿಂತಿತು. ಅದೂ ಆರು ತಿಂಗಳು ದಾಟಿದ ಮೇಲೆ ಕಂದು ಹಾಕಿತು. ಈ ಸಲ ಪಶುವೈದ್ಯರನ್ನು ಕರೆಸಿದೆವು. ಅವರು ಬಂದವರೇ ಮೊದಲು ಕೈಗೆ ಉದ್ದದ ಗ್ಲೌಸ್ ಹಾಕಿಕೊಂಡರು, ಆಮೇಲೆ ನಮ್ಮನ್ನೆಲ್ಲ ಹಿಂದೆ ಸರಿಯಲು ಹೇಳಿದರು. ಎಲ್ಲ ದನಗಳ ರಕ್ತ ತೆಗೆದುಕೊಂಡು ಹೋದರು. ಒಂಬತ್ತರಲ್ಲಿ ಮೂರಕ್ಕೆ ಬ್ರೂಸೆಲ್ಲೋಸಿಸ್. ಕಂದು ಹಾಕುವ ರೋಗ ಅಂತ ಹಳಬರು ಕರೆಯುವುದು ಇದನ್ನೇ.

ಫಲಿತಾಂಶ ಹಿಡಿದು ಬಂದ ದಿನ ನಾನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಡಾಕ್ಟ್ರೇ, ಇದು ಎಲ್ಲರ ಕೊಟ್ಟಿಗೆಯಲ್ಲೂ ಇರೋದೇನಾ? ನೂರಕ್ಕೆ ಎಷ್ಟು ಇರತ್ತೆ?" ಬೇರೆಯವರಿಗೂ ಇದೆ ಅಂದರೆ ಎದೆ ಸ್ವಲ್ಪ ಹಗುರ ಆಗುತ್ತಿತ್ತೇನೋ. ಅವರು ಪೆನ್ನಿನ ಮುಚ್ಚಳ ಹಾಕುತ್ತಾ ತಿರುಗಿ ಕೇಳಿದರು: "ನೂರು ದನಕ್ಕಾ, ನೂರು ಹಿಂಡಿಗಾ?"

ಎರಡೂ ಒಂದೇ ಅಲ್ವಾ ಅಂತ ಅಂದುಕೊಂಡಿದ್ದೆ. ಅವರು ಹೋದ ಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿದೆ. 100 ಹಿಂಡುಗಳಿವೆ, ಒಂದೊಂದರಲ್ಲಿ 10 ದನ ಅಂದುಕೊಳ್ಳಿ. ಒಟ್ಟು 1000. ಅದರಲ್ಲಿ 50ಕ್ಕೆ ರೋಗ ಇದೆ. ದನಗಳ ಲೆಕ್ಕದಲ್ಲಿ ನೂರಕ್ಕೆ 5. ಆ 50 ದನಗಳೂ ಐದೇ ಹಿಂಡುಗಳಲ್ಲಿ ತುಂಬಿಕೊಂಡಿದ್ದರೆ ಹಿಂಡುಗಳ ಲೆಕ್ಕದಲ್ಲೂ ನೂರಕ್ಕೆ 5. ಅದೇ 50 ದನ, ಒಂದೊಂದು ಹಿಂಡಿಗೆ ಒಂದರಂತೆ ಚದುರಿದ್ದರೆ? ಆಗ ಅರ್ಧಕ್ಕೆ ಅರ್ಧ ಹಿಂಡುಗಳಲ್ಲಿ ರೋಗ ಇದೆ. ದನಗಳ ಅಂಕಿ ಮಾತ್ರ ಹಾಗೇ 5. ಪೇಪರಿನಲ್ಲಿ ಬರುವ ಒಂದು ಶೇಕಡಾ ಸಂಖ್ಯೆ ಓದಿ ನೆಮ್ಮದಿ ಪಡುವ ಮುಂಚೆ ಅದು ಈ ಎರಡರಲ್ಲಿ ಯಾವುದು ಅಂತ ನೋಡಲೇಬೇಕು. ಕೊಟ್ಟಿಗೆ ಇಟ್ಟುಕೊಂಡವರಿಗೆ ಜಾಸ್ತಿ ಬೇಕಾಗಿರುವುದು ಹಿಂಡಿನ ಅಂಕಿ. ನಾಳೆ ನಾನು ಒಂದು ಹಸು ತರಲು ಹೋದರೆ ಯಾವ ಮನೆಯ ಬಾಗಿಲು ತಟ್ಟುತ್ತೇನೋ ಆ ಮನೆಯಲ್ಲಿ ಇದು ಇದೆಯಾ ಅನ್ನೋದೇ ನನ್ನ ಪ್ರಶ್ನೆ.

ಆ ಮನೆಯಲ್ಲಿ ಇದೆಯಾ ಅಂತ ತಿಳಿಯುವುದೂ ಸುಲಭವಿಲ್ಲ. 100 ದನಗಳ ಒಂದು ಹಿಂಡಿನಲ್ಲಿ 10ಕ್ಕೆ ರೋಗ ಇದೆ ಅಂತ ಇಟ್ಟುಕೊಳ್ಳಿ. ಸಿಕ್ಕಿದ ಐದು ದನಗಳ ರಕ್ತ ತೆಗೆದು ನೋಡಿದರೆ, ಹತ್ತರಲ್ಲಿ ಸುಮಾರು ಆರು ಸಲ ಐದೂ ಚೆನ್ನಾಗಿಯೇ ಬರುತ್ತವೆ. ಒಂದಾದರೂ ರೋಗದ ದನ ಕೈಗೆ ಸಿಗುತ್ತದೆ ಅಂತ ನೂರಕ್ಕೆ 95ರಷ್ಟು ಭರವಸೆ ಬೇಕಾದರೆ 25 ದನಗಳ ರಕ್ತ ಬೇಕು. ಐದು ದನ ನೋಡಿ "ಇಲ್ಲಿ ರೋಗ ಇಲ್ಲ" ಅಂದರೆ ಅದು ಬರೀ ಆಸೆಯ ಮಾತು.

ಈ ರೋಗ ಯಾಕೆ ಇಷ್ಟು ಚೆನ್ನಾಗಿ ಬಚ್ಚಿಟ್ಟುಕೊಳ್ಳುತ್ತದೆ ಅಂತ ತಿಳಿದುಕೊಂಡ ಮೇಲೆ ನನಗೆ ನಮ್ಮ ಮೇಲೆ ಇದ್ದ ಸಿಟ್ಟು ಸ್ವಲ್ಪ ಕಡಿಮೆಯಾಯಿತು. ದನಗಳಲ್ಲಿ ಇದನ್ನು ತರುವ ಬ್ಯಾಕ್ಟೀರಿಯಾ ಮುಖ್ಯವಾಗಿ ಬ್ರೂಸೆಲ್ಲಾ ಅಬಾರ್ಟಸ್. ಹಸುವಿನ ಬಾಯಿ, ಮೂಗು, ಕಣ್ಣಿನ ಪೊರೆಯ ಮೂಲಕ ಒಳಗೆ ಹೋಗಿ ಲಿಂಫ್ ಗಂಟುಗಳಲ್ಲಿ ಕೂರುತ್ತದೆ. ರಕ್ತದಲ್ಲಿ ರೋಗಾಣುಗಳನ್ನು ನುಂಗುವ ಕಣಗಳಿವೆಯಲ್ಲ, ಅವುಗಳ ಒಳಗೇ ಬದುಕುತ್ತದೆ. ಹಸುವಿಗೆ ಜ್ವರವಿಲ್ಲ, ಮೇವು ಬಿಡುವುದಿಲ್ಲ, ಕಣ್ಣು ಮಂಕಾಗುವುದಿಲ್ಲ. ಗಬ್ಬ ನಿಂತು ಐದು ತಿಂಗಳು ದಾಟುವ ತನಕ ಹೊರಗೆ ಏನೂ ಕಾಣದೇ ಇರಬಹುದು. ಹಸುವಿನ ಮಾಸಿನಲ್ಲಿ ಎರಿಥ್ರಿಟಾಲ್ ಅನ್ನುವ ಸಕ್ಕರೆ ಜಾತಿಯ ವಸ್ತು ಧಾರಾಳವಾಗಿ ಇರುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಅದು ಗ್ಲೂಕೋಸ್‌ಗಿಂತ ಪ್ರಿಯ. ಅಲ್ಲಿ ಸಿಕ್ಕಾಪಟ್ಟೆ ಬೆಳೆದು ಮಾಸನ್ನು ಕೆಡಿಸುತ್ತದೆ, ಕರುವಿಗೆ ಪೋಷಣೆ ತಪ್ಪುತ್ತದೆ. ಕಂದು ಬೀಳುತ್ತದೆ. ಆ ಮಾಸಿನ ಒಂದು ಗ್ರಾಮಿನಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾ ಇರಬಹುದು. ನಾವು ನೀರು ಹಾಕಿ ಕೊಟ್ಟಿಗೆಯ ಉದ್ದಕ್ಕೂ ಹರಿಸಿದ್ದು ಅದನ್ನೇ.

ಆಮೇಲಿನದ್ದು ಇನ್ನೂ ಕೆಟ್ಟದ್ದು. ಸಾಮಾನ್ಯವಾಗಿ ಒಂದು ಹಸು ಇದರಿಂದ ಕಂದು ಹಾಕುವುದು ಒಂದೇ ಸಲ. ಮುಂದಿನ ಗಬ್ಬ ಬಹುತೇಕ ನೆಟ್ಟಗೆ ನಿಲ್ಲುತ್ತದೆ. ಕರು ಹುಟ್ಟುತ್ತದೆ, ಮನೆಯವರು ಹಳೆಯದನ್ನು ಮರೆಯುತ್ತಾರೆ. ಹಸು ಮಾತ್ರ ವಾಸಿಯಾಗಿರುವುದಿಲ್ಲ. ಕೆಚ್ಚಲಿನಲ್ಲಿ, ಅದರ ಮೇಲಿನ ಲಿಂಫ್ ಗಂಟುಗಳಲ್ಲಿ ರೋಗ ಹಾಗೇ ಇರುತ್ತದೆ. ಹಾಲಿನಲ್ಲಿ ಆಗಾಗ ಬರುತ್ತದೆ. ಕರು ಹಾಕಿದಾಗ ಬರುವ ನೀರಿನಲ್ಲೂ ಬರುತ್ತದೆ. ಚುಕ್ಕಿ ಹುಟ್ಟಿದ ದಿನ ನಾವೆಲ್ಲ ಸಂತೋಷದಿಂದ ಕೆಂಪಿಯ ಸುತ್ತ ನಿಂತಿದ್ದೆವಲ್ಲ, ಆ ದಿನವೂ ಕೊಟ್ಟಿಗೆಯ ನೆಲ ಅಪಾಯದ್ದಾಗಿತ್ತು. ಕಪ್ಪು ಪಡ್ಡೆ ಆ ದಿನವೂ ಪಕ್ಕದಲ್ಲೇ ಇತ್ತು.

ಹೀಗಾಗಿ "ನಿಮ್ಮ ಹಿಂಡಿನಲ್ಲಿ ಈ ವರ್ಷ ಎಷ್ಟು ಹಸು ಕಂದು ಹಾಕಿದವು?" ಅಂತ ಕೇಳಿ ರೋಗ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ರೋಗ ಹೊಸದಾಗಿ ನುಗ್ಗಿದ ಹಿಂಡಿನಲ್ಲಿ ಒಂದರ ಹಿಂದೆ ಒಂದು ಕಂದು ಬೀಳುತ್ತವೆ, ಕೂಗಾಟ ಆಗುತ್ತದೆ. ಎರಡು ಮೂರು ವರ್ಷದಲ್ಲಿ ಅದು ತಣ್ಣಗಾಗುತ್ತದೆ. ಹಳೆಯ ಹಸುಗಳು ಕರು ಹಾಕುತ್ತಾ, ಹಾಲು ಕೊಡುತ್ತಾ, ರೋಗ ಹೊತ್ತು ನಿಂತಿರುತ್ತವೆ. ಹೊಸದಾಗಿ ಬಂದ ಹಸು, ಮೊದಲ ಸಲ ಗಬ್ಬ ನಿಂತ ಪಡ್ಡೆ, ಇವು ಮಾತ್ರ ಕಂದು ಹಾಕುತ್ತವೆ. ಆಗ ಜನ "ಮೊದಲ ಗಬ್ಬ ಅಲ್ವಾ, ಹಾಗಾಗತ್ತೆ" ಅನ್ನುತ್ತಾರೆ. ನಾವೂ ಅಂದಿದ್ದೆವು.

ಯಾವ ದನಗಳ ರಕ್ತ ತೆಗೆದರು ಅನ್ನುವುದರ ಮೇಲೂ ಅಂಕಿ ಕುಣಿಯುತ್ತದೆ. ಕರುಗಳು ಪ್ರಾಯಕ್ಕೆ ಬರುವ ತನಕ ಈ ರೋಗಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಎಳೆಯ ದನಗಳನ್ನೇ ಜಾಸ್ತಿ ಸೇರಿಸಿ ಲೆಕ್ಕ ಹಾಕಿದರೆ ರೋಗ ಕಡಿಮೆ ಕಾಣುತ್ತದೆ. ಕಂದು ಹಾಕಿದ ದೂರು ಬಂದ ಕಡೆ ಮಾತ್ರ ಹೋಗಿ ಪರೀಕ್ಷಿಸಿದರೆ ಜಾಸ್ತಿ ಕಾಣುತ್ತದೆ. ದೊಡ್ಡ ಹಿಂಡುಗಳಲ್ಲಿ, ಆಗಾಗ ಹೊರಗಿನಿಂದ ದನ ಕೊಂಡು ತರುವ ಹಿಂಡುಗಳಲ್ಲಿ, ಹಲವರ ದನ ಒಟ್ಟಿಗೆ ಮೇಯುವ ಕಡೆ ಇದು ಜಾಸ್ತಿ ಅನ್ನುವುದು ಪ್ರಪಂಚದ ಬೇರೆ ಬೇರೆ ಭಾಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಜಾಗ ತಂಪಾಗಿ, ತೇವವಾಗಿ, ನೆರಳಾಗಿದ್ದರೆ ಮಣ್ಣಿನಲ್ಲಿ, ಸಗಣಿಯಲ್ಲಿ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಉಳಿಯುತ್ತದೆ. ನೇರ ಬಿಸಿಲಿನಲ್ಲಿ ಕೆಲವು ಗಂಟೆ ಮಾತ್ರ. ನಮ್ಮ ಕೊಟ್ಟಿಗೆಯ ಆ ಮೂಲೆಗೆ ಬಿಸಿಲು ಬೀಳುತ್ತಿರಲಿಲ್ಲ. ಈಗ ಅಲ್ಲಿ ಗೋಡೆ ಒಡೆದು ಕಿಟಕಿ ಇಟ್ಟಿದ್ದೇವೆ.

ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ನೋಡಬೇಕು ಅನ್ನಿಸಿತು. ಡಾಕ್ಟರ್ ಒಂದು ದಿನ ಲ್ಯಾಬಿಗೆ ಕರೆದುಕೊಂಡು ಹೋದರು. ರೋಸ್ ಬೆಂಗಾಲ್ ಪರೀಕ್ಷೆ ನೋಡಲು ಸರಳ. ಬಿಳಿ ಹಲಗೆಯ ಮೇಲೆ ದನದ ರಕ್ತದ ತಿಳಿ, ಅಂದರೆ ಸೀರಂ, ಒಂದು ಸಣ್ಣ ಹನಿ. ಅದರ ಪಕ್ಕ ಅಷ್ಟೇ ಗಾತ್ರದ ಗಾಢ ಗುಲಾಬಿ ಹನಿ. ಅದರಲ್ಲಿ ಇರುವುದು ಸತ್ತ ಬ್ರೂಸೆಲ್ಲಾ, ಬಣ್ಣ ಹಾಕಿದ್ದು. ಎರಡನ್ನೂ ಕಡ್ಡಿಯಿಂದ ಬೆರೆಸಿ, ಹಲಗೆಯನ್ನು 4 ನಿಮಿಷ ಮೆಲ್ಲಗೆ ಆ ಕಡೆ ಈ ಕಡೆ ತೂಗುತ್ತಾರೆ. ರೋಗ ತಾಗದ ದನದ ಹನಿ ನಯವಾಗಿ, ಒಂದೇ ಬಣ್ಣವಾಗಿ ಉಳಿಯುತ್ತದೆ. ರೋಗ ತಾಗಿದ ದನದ ಹನಿ ಒಡೆದ ಹಾಲಿನ ಹಾಗೆ ತರಿ ತರಿಯಾಗುತ್ತದೆ. ಅಂಚಿನಲ್ಲಿ ಗುಲಾಬಿ ಕಣಗಳು ಕೂಡಿಕೊಳ್ಳುತ್ತವೆ. ನಾನು ನೋಡುತ್ತಿದ್ದ ಹನಿಯಲ್ಲಿ ಎರಡನೇ ನಿಮಿಷಕ್ಕೇ ತರಿ ಕಂಡಿತು. ಯಾರ ಮನೆಯ ಹಸುವೋ ಏನೋ. ಅವರಿಗೆ ಇನ್ನೂ ಗೊತ್ತಿಲ್ಲ, ನನಗೆ ಗೊತ್ತಾಗಿಹೋಯಿತು. ಆ ಹಲಗೆಯಿಂದ ಕಣ್ಣು ತೆಗೆಯಲು ಆಗಲಿಲ್ಲ.

ಹಾಲಿನ ಉಂಗುರ ಪರೀಕ್ಷೆಯನ್ನೂ ಅಲ್ಲೇ ನೋಡಿದೆ. ಇದು ಹಿಂಡಿಗೆ ಹಿಂಡನ್ನೇ ಒಂದು ಸಲಕ್ಕೆ ನೋಡುವ ಉಪಾಯ. ಇಡೀ ಹಿಂಡಿನ ಹಾಲು ಸೇರಿದ ಕ್ಯಾನಿನಿಂದ ಒಂದು ಮಿಲಿಲೀಟರ್ ತೆಗೆದು, ನೀಲಿ ಬಣ್ಣ ಕಟ್ಟಿದ ಸತ್ತ ಬ್ಯಾಕ್ಟೀರಿಯಾದ ಒಂದು ಹನಿ ಹಾಕಿ, 37 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಡುತ್ತಾರೆ. ರೋಗ ಇದ್ದರೆ, ಅದರ ವಿರುದ್ಧ ಹಸುವಿನ ಮೈ ಹುಟ್ಟಿಸಿದ ಪ್ರತಿಕಾಯಗಳು ಹಾಲಿನಲ್ಲಿರುತ್ತವೆ. ಅವು ನೀಲಿ ಕಣಗಳನ್ನು ಹಿಡಿದು, ಕೆನೆಯ ಜೊತೆ ಮೇಲಕ್ಕೆ ಏರುತ್ತವೆ. ಕೊಳವೆಯ ಮೇಲ್ತುದಿಯಲ್ಲಿ ನೀಲಿ ಉಂಗುರ, ಕೆಳಗೆ ಬೆಳ್ಳಗಿನ ಹಾಲು. ರೋಗ ಇಲ್ಲದಿದ್ದರೆ ಕೆನೆ ಬೆಳ್ಳಗೆ, ಹಾಲೇ ನೀಲಿ. ಒಂದು ಗಂಟೆಯಲ್ಲಿ ಒಂದು ಹಿಂಡಿನ ಸುದ್ದಿ. ಇಂಥ ಸರಳ ಪರೀಕ್ಷೆ ಇದ್ದೂ ನಾವು ಇಷ್ಟು ವರ್ಷ ಕತ್ತಲಲ್ಲಿ ಇದ್ದೆವಲ್ಲ ಅಂತ ಹೊಟ್ಟೆ ಉರಿಯಿತು.

ಇದರಲ್ಲೂ ತೂತುಗಳಿವೆ. ಹಾಲು ಕೊಡುವ ಹಸು ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಪಡ್ಡೆಗಳಿಲ್ಲ, ಹೋರಿಯಿಲ್ಲ, ಹಾಲು ಬತ್ತಿದ ಗಬ್ಬದ ಹಸುವಿಲ್ಲ. ಕಂದು ಹಾಕಿ ಹಾಲು ನಿಂತ ಹಸುವಂತೂ ಕ್ಯಾನಿನ ಹತ್ತಿರಕ್ಕೇ ಬರುವುದಿಲ್ಲ. ಹಿಂಡು ದೊಡ್ಡದಾದರೆ ಒಂದು ಹಸುವಿನ ಹಾಲು ಉಳಿದವುಗಳ ಹಾಲಿನಲ್ಲಿ ತೆಳುವಾಗಿ ಕರಗಿ ಹೋಗುತ್ತದೆ. ಕೆಚ್ಚಲು ಬಾವು ಇದ್ದರೆ ಅಥವಾ ಗಿಣ್ಣು ಹಾಲು ಸೇರಿದ್ದರೆ ಇಲ್ಲದ ಉಂಗುರ ಕಾಣಬಹುದು.

ರಕ್ತದ ಪರೀಕ್ಷೆಯೂ ಹಾಗೆ. ಯೆರ್ಸಿನಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಒಂದು ತಳಿಯ ಹೊರಮೈ ಬ್ರೂಸೆಲ್ಲಾದ ಹೊರಮೈಯನ್ನು ಹೋಲುತ್ತದೆ. ಅದು ತಾಗಿದ ದನವೂ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಇಲ್ಲಿ ಒಂದು ವಿಚಿತ್ರ ಇದೆ. ಪರೀಕ್ಷೆ ನೂರು ಆರೋಗ್ಯವಂತ ದನಗಳಲ್ಲಿ ಒಂದನ್ನು ತಪ್ಪಾಗಿ ರೋಗಿ ಅನ್ನುತ್ತದೆ ಅಂತ ಇಟ್ಟುಕೊಳ್ಳಿ. 1000 ದನಗಳಲ್ಲಿ 300ಕ್ಕೆ ರೋಗ ಇದ್ದರೆ, ಉಳಿದ 700ರಲ್ಲಿ 7 ದನ ತಪ್ಪಾಗಿ ಸೇರುತ್ತವೆ. ಪರವಾಗಿಲ್ಲ. 1000ದಲ್ಲಿ 10ಕ್ಕೆ ಮಾತ್ರ ರೋಗ ಇದ್ದರೆ? ಉಳಿದ 990ರಲ್ಲಿ ಸುಮಾರು 10 ತಪ್ಪಾಗಿ ಸೇರುತ್ತವೆ. ಪರೀಕ್ಷೆ ಬೆರಳು ತೋರಿಸಿದ ದನಗಳಲ್ಲಿ ಅರ್ಧ ಪಾಪದವು. ರೋಗ ಕಡಿಮೆಯಾಗುತ್ತಾ ಹೋದಂತೆ ಒಂದೇ ಪರೀಕ್ಷೆಯ ಮಾತು ನಂಬುವುದು ಕಷ್ಟವಾಗುತ್ತದೆ. ಅದಕ್ಕೇ ಮೊದಲ ಪರೀಕ್ಷೆಯಲ್ಲಿ ಸಿಕ್ಕಿದ್ದನ್ನು ಎಲೈಸಾ ಅಥವಾ ಕಾಂಪ್ಲಿಮೆಂಟ್ ಫಿಕ್ಸೇಷನ್‌ನಂಥ ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳುತ್ತಾರೆ. ನಮ್ಮ ಮೂರು ಹಸುಗಳಿಗೂ ಹಾಗೆ ಮಾಡಿದರು. ಮೂರೂ ಖಾತ್ರಿಯಾದವು.

ಇಷ್ಟೆಲ್ಲ ಕಷ್ಟ ಇದ್ದರೂ ಎಣಿಸಿದವರು ಎಣಿಸಿದ್ದಾರೆ. ಅಮೆರಿಕದಲ್ಲಿ 1934ರಲ್ಲಿ ಈ ರೋಗದ ವಿರುದ್ಧ ರಾಷ್ಟ್ರಮಟ್ಟದ ಕೆಲಸ ಶುರುವಾಯಿತು. 1934-35ರಲ್ಲಿ ಅಲ್ಲಿ ಪರೀಕ್ಷಿಸಿದ ದೊಡ್ಡ ದನಗಳಲ್ಲಿ ನೂರಕ್ಕೆ 11.5ರಲ್ಲಿ ರೋಗದ ಗುರುತು ಸಿಕ್ಕಿತು. ಎಂಟೊಂಬತ್ತು ದನಕ್ಕೆ ಒಂದು! 1956ರಲ್ಲಿ ಪರೀಕ್ಷೆಯಿಂದ ಸಿಕ್ಕಿಬಿದ್ದ ಹಿಂಡುಗಳು 1,24,000. 1992ರ ಹೊತ್ತಿಗೆ 700. ಈಗ ಅಲ್ಲಿ ಉಳಿದಿರುವುದು ಮುಖ್ಯವಾಗಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಕಾಡೆಮ್ಮೆ ಜಾತಿಯ ಬೈಸನ್ ಮತ್ತು ಎಲ್ಕ್ ಜಿಂಕೆಗಳಲ್ಲಿ. ಆ ಬೈಸನ್‌ಗಳಲ್ಲಿ ಇದು ಮೊದಲು ಕಂಡಿದ್ದು 1917ರಲ್ಲಿ. ಸಾಕಿದ ದನಗಳಿಂದಲೇ ಅವಕ್ಕೆ ಹೋಗಿದ್ದು. ಈಗ ಎಲ್ಕ್‌ಗಳಿಂದ ತಿರುಗಿ ದನಗಳಿಗೆ ಆಗಾಗ ಬರುತ್ತದೆ. ಬ್ರಿಟನ್ 1985ರಲ್ಲಿ ಈ ರೋಗದಿಂದ ಮುಕ್ತವಾಯಿತು. ಆಸ್ಟ್ರೇಲಿಯಾ 1970ರಲ್ಲಿ ಶುರು ಮಾಡಿ 1989ರಲ್ಲಿ ಮುಗಿಸಿತು. ಐರ್ಲೆಂಡ್‌ಗೆ 2009ರ ತನಕ, ಉತ್ತರ ಐರ್ಲೆಂಡ್‌ಗೆ 2015ರ ತನಕ ಬೇಕಾಯಿತು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಬಹಳಷ್ಟು ಕಡೆ ಇದು ಇನ್ನೂ ಕೊಟ್ಟಿಗೆಗಳಲ್ಲಿ ಇದೆ.

ಅಮೆರಿಕದವರ ಒಂದು ಪದ್ಧತಿ ಓದುವಾಗ ನನಗೆ ಕೆಂಪಿ ನೆನಪಾದಳು. ಮಾರುಕಟ್ಟೆಗೆ ಬಂದ ದನದ ಬೆನ್ನಿಗೆ ಒಂದು ನಂಬರಿನ ಚೀಟಿ ಅಂಟಿಸುತ್ತಿದ್ದರು. ಮುಂದೆ ಕಸಾಯಿಖಾನೆಯಲ್ಲಿ ತೆಗೆದ ರಕ್ತದಲ್ಲಿ ರೋಗ ಕಂಡರೆ, ಆ ನಂಬರ್ ಹಿಡಿದು ದನ ಹೊರಟ ಮನೆಗೇ ವಾಪಸ್ ಹೋಗುತ್ತಿದ್ದರು. ಇಡೀ ಹಿಂಡನ್ನು ಪರೀಕ್ಷಿಸುತ್ತಿದ್ದರು. ಮಾರಿಬಿಟ್ಟರೆ ಮುಗಿಯಿತು ಅನ್ನುವ ಹಾಗಿರಲಿಲ್ಲ. ಕೆಂಪಿಯ ಕಿವಿಯಲ್ಲಿ ಓಲೆ ಇರಲಿಲ್ಲ, ಬೆನ್ನ ಮೇಲೆ ಚೀಟಿ ಇರಲಿಲ್ಲ. ನಮ್ಮ ಫಲಿತಾಂಶ ಬಂದ ವಾರ ನಾನು ಆ ದಲ್ಲಾಳಿಯನ್ನು ಹುಡುಕಿ ಫೋನ್ ಮಾಡಿದೆ. ಅವನು ಅವಳನ್ನು ಇನ್ನೊಬ್ಬರಿಗೆ ಮಾರಿದ್ದ. ಅವರು ಮತ್ತೊಬ್ಬರಿಗೆ. "ಅದೆಲ್ಲ ಎಲ್ಲಿ ನೆನಪಿರತ್ತೆ ಸಾರ್" ಅಂದ. ನಮ್ಮ ಹಿಂಡಿನ ಲೆಕ್ಕದಲ್ಲಿ ಈಗ ಒಂಬತ್ತಕ್ಕೆ ಮೂರು ಅಂತ ಬರೆದಿದೆ. ಇದೆಲ್ಲ ಯಾರಿಂದ ಶುರುವಾಯಿತೋ ಅವಳು ಆ ಮೂರರಲ್ಲೂ ಇಲ್ಲ, ಒಂಬತ್ತರಲ್ಲೂ ಇಲ್ಲ. ಅವಳ ರಕ್ತವನ್ನು ಯಾರೂ ನೋಡಿಲ್ಲ. ಅವಳಿಂದಲೇ ಬಂತು ಅಂತ ಖಂಡಿತವಾಗಿ ಹೇಳುವುದೂ ಕಷ್ಟ. ಆದರೆ ನನ್ನ ಮನಸ್ಸಿಗೆ ಸಂಶಯ ಇಲ್ಲ.

ಮಾರುವವರನ್ನು ಬೈಯುವುದು ಸುಲಭ. ಪರಿಹಾರ ಕೊಟ್ಟು ರೋಗದ ದನವನ್ನು ತೆಗೆದುಕೊಂಡು ಹೋಗುವ ಕಡೆ ಜನ ಹೇಳಿಕೊಳ್ಳುತ್ತಾರೆ. ಪರಿಹಾರ ಇಲ್ಲದ ಕಡೆ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ದುಡ್ಡು. ದನಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟು ಇದನ್ನು ವಾಸಿ ಮಾಡುತ್ತೇವೆ ಅಂತ ಭರವಸೆ ಕೊಡುವಂಥ ಚಿಕಿತ್ಸೆ ಇಲ್ಲ. ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಕೂತಿರುತ್ತದೆ, ಔಷಧಿ ಪೂರ್ತಿ ತಲುಪುವುದಿಲ್ಲ. ನಾವು ಮೂರನ್ನೂ ಮಾರಲಿಲ್ಲ. ಬೇರೆ ಚಪ್ಪರ ಹಾಕಿ ದೂರ ಕಟ್ಟಿದೆವು. ಮತ್ತೆ ಗಬ್ಬ ಕಟ್ಟಿಸಲಿಲ್ಲ. ಮೇವು ಹಾಕಿದ್ದೇ ಹಾಕಿದ್ದು. ಇದನ್ನು ಹೇಳುತ್ತಿರುವುದು ಹೊಗಳಿಕೆಗೆ ಅಲ್ಲ. ಎಲ್ಲರ ಕೈಯಲ್ಲೂ ಹೀಗೆ ಮಾಡಲು ಆಗುವುದಿಲ್ಲ ಅಂತ ನಮ್ಮ ಖರ್ಚಿನ ಪುಸ್ತಕ ನೋಡಿದರೆ ನನಗೇ ಗೊತ್ತಾಗುತ್ತದೆ.

ಲಸಿಕೆ ಇದೆ. ಅದರ ಕತೆ ನನಗೆ ಬಹಳ ಇಷ್ಟ. 1923ರಲ್ಲಿ ಜಾನ್ ಬಕ್ ಅನ್ನುವವರು ಒಂದು ಜೆರ್ಸಿ ಹಸುವಿನ ಹಾಲಿನಿಂದ ಈ ಬ್ಯಾಕ್ಟೀರಿಯಾ ತೆಗೆದಿದ್ದರು. ಅದು ಲ್ಯಾಬಿನಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಸುಮ್ನೆ ಕೋಣೆಯ ಬಿಸಿಯಲ್ಲೇ ಉಳಿದುಹೋಯಿತು. ನೋಡಿದರೆ ಅದರ ವಿಷ ಇಳಿದಿತ್ತು, ಆದರೆ ರೋಗದ ವಿರುದ್ಧ ಶಕ್ತಿ ಹುಟ್ಟಿಸುವ ಗುಣ ಹಾಗೇ ಇತ್ತು. ಅದೇ ಸ್ಟ್ರೇನ್ 19. ಇವತ್ತಿಗೂ ಎಳೆಯ ಹೆಣ್ಣುಕರುಗಳಿಗೆ ಅದನ್ನು ಹಾಕುತ್ತಾರೆ. ಜೀವಂತ ಲಸಿಕೆ, ಆದ್ದರಿಂದ ಗಬ್ಬದ ಹಸುವಿಗೆ ಹಾಕುವ ಹಾಗಿಲ್ಲ, ಹೋರಿಗೂ ಹಾಕುವ ಹಾಗಿಲ್ಲ. ಸೂಜಿ ತಪ್ಪಿ ಮನುಷ್ಯರಿಗೆ ಚುಚ್ಚಿದರೆ ಅವರಿಗೂ ರೋಗ ಬರಬಹುದು. ಲಸಿಕೆ ಹಾಕಿದ ದನದ ರಕ್ತದಲ್ಲಿ ಪ್ರತಿಕಾಯ ಉಳಿದರೆ ಪರೀಕ್ಷೆಗೆ ಗೊಂದಲ. ರೋಗದ್ದೋ ಲಸಿಕೆಯದ್ದೋ? ಕರುವಾಗಿದ್ದಾಗಲೇ ಹಾಕಿದರೆ ಈ ಗೊಂದಲ ಕಡಿಮೆ. 1990ರ ದಶಕದಲ್ಲಿ ಬಂದ ಆರ್‌ಬಿ 51 ಅನ್ನುವ ಲಸಿಕೆಯಲ್ಲಿ ಈ ತೊಂದರೆ ಇಲ್ಲ. ಅದರ ತೊಂದರೆ ಬೇರೆ. ಮನುಷ್ಯರಿಗೆ ಕೊಡುವ ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ, ನಮ್ಮ ಅಣ್ಣನ ಸಂಜೆಯ ಜ್ವರದ ಕಾರಣವೂ ಆಗಲೇ ಗೊತ್ತಾಗಿದ್ದು. ಒಂದು ವರ್ಷದಿಂದ ಬಂದು ಹೋಗುತ್ತಿತ್ತು. ರಾತ್ರಿ ಬೆವರು, ಸೊಂಟ ನೋವು, ಸುಸ್ತು. ತೋರಿಸಿದ ಕಡೆಯೆಲ್ಲ ಮಾತ್ರೆ ಕೊಟ್ಟಿದ್ದರು, ದನ ಸಾಕುತ್ತೀರಾ ಅಂತ ಒಬ್ಬರೂ ಕೇಳಿರಲಿಲ್ಲ. ಪಶುವೈದ್ಯರು ಹೇಳಿದ ಮೇಲೆ ಅಣ್ಣ ರಕ್ತ ಪರೀಕ್ಷೆ ಮಾಡಿಸಿಕೊಂಡ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್, ಆರು ವಾರ. ಮಧ್ಯೆ ಬಿಡುವ ಹಾಗಿಲ್ಲ. ಆ ಬರಿಗೈ, ಆ ಮಾಸು, ಎಲ್ಲ ಒಂದಕ್ಕೊಂದು ಕೂಡಿಕೊಂಡಿತು.

ದನದ ರೋಗ, ಮನುಷ್ಯರ ಜ್ವರ ಎರಡೂ ಒಂದೇ ಜಾತಿಯ ಬ್ಯಾಕ್ಟೀರಿಯಾದಿಂದ ಅಂತ ಕಂಡುಕೊಳ್ಳಲು ಪ್ರಪಂಚಕ್ಕೇ ಮೂವತ್ತು ವರ್ಷ ಹಿಡಿಯಿತು. ಬ್ರಿಟಿಷ್ ಸೇನೆಯ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಸತ್ತ ಸೈನಿಕರ ಗುಲ್ಮದಲ್ಲಿ ಬ್ಯಾಕ್ಟೀರಿಯಾ ಕಂಡದ್ದನ್ನು 1887ರಲ್ಲಿ ಪ್ರಕಟಿಸಿದರು. ಬರ್ನ್‌ಹಾರ್ಡ್ ಬ್ಯಾಂಗ್ ಡೆನ್ಮಾರ್ಕಿನಲ್ಲಿ ಕಂದು ಹಾಕಿದ ಹಸುಗಳಲ್ಲಿ ಇನ್ನೊಂದನ್ನು ಕಂಡದ್ದು 1897ರಲ್ಲಿ. 1905ರಲ್ಲಿ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಮಾಲ್ಟಾದ ಜ್ವರ ಮೇಕೆಗಳಿಂದ ಬರುತ್ತದೆ ಅಂತ ತೋರಿಸಿದರು. ಬ್ರೂಸ್ ಕಂಡದ್ದೂ ಬ್ಯಾಂಗ್ ಕಂಡದ್ದೂ ಹತ್ತಿರದ ನೆಂಟರು ಅಂತ 1918ರಲ್ಲಿ ಬರೆದವರು ಅಮೆರಿಕದ ವಿಜ್ಞಾನಿ ಆಲಿಸ್ ಇವಾನ್ಸ್. ಹಸಿ ಹಾಲು ಅಪಾಯ ಅಂತಲೂ ಹೇಳಿದರು. ಡಾಕ್ಟರೇಟ್ ಇಲ್ಲದ ಒಬ್ಬ ಹೆಂಗಸಿನ ಮಾತನ್ನು ದೊಡ್ಡ ದೊಡ್ಡವರು ವರ್ಷಗಟ್ಟಲೆ ನಂಬಲಿಲ್ಲ. 1922ರಲ್ಲಿ ಕೆಲಸ ಮಾಡುತ್ತಲೇ ಅವರಿಗೆ ಈ ರೋಗ ತಗುಲಿತು. ಸುಮಾರು ಇಪ್ಪತ್ತು ವರ್ಷ ಬಂದು ಹೋಗುತ್ತಾ ಕಾಡಿತು. ಅಣ್ಣನ ಜ್ವರ ನೋಡಿದ ಮೇಲೆ ಇಪ್ಪತ್ತು ವರ್ಷ ಅಂದರೆ ಏನು ಅಂತ ನನಗೆ ಗೊತ್ತು.

ಮನುಷ್ಯರಲ್ಲೂ ಎಣಿಕೆಯ ಕತೆ ಇದೇ. ಪ್ರಪಂಚದಲ್ಲಿ ವರ್ಷಕ್ಕೆ 5 ಲಕ್ಷ ಜನಕ್ಕೆ ಹೊಸದಾಗಿ ಬರುತ್ತದೆ ಅಂತ ಬಹಳ ಕಾಲ ಎಲ್ಲರೂ ಬರೆಯುತ್ತಿದ್ದರು. 2023ರಲ್ಲಿ ಪ್ರಕಟವಾದ ಒಂದು ಅಂದಾಜು 16 ಲಕ್ಷದಿಂದ 21 ಲಕ್ಷ ಅಂತ ಹೇಳಿತು. ಆ ಹೆಚ್ಚಿದ ಲಕ್ಷಗಳಲ್ಲಿ ಸಂಜೆ ಜ್ವರ ಬಂದು ಸುಮ್ಮನೆ ಮಲಗುವ ಅಣ್ಣಂದಿರು ಎಷ್ಟು ಜನರೋ.

ಈಗ ಚುಕ್ಕಿಯ ವಿಷಯ. ಒಂಬತ್ತು ದನಗಳ ರಕ್ತ ತೆಗೆದಾಗ ಅವಳದೂ ತೆಗೆದಿದ್ದರು. ರೋಗ ಇಲ್ಲ ಅಂತ ಬಂತು. ಎಲ್ಲರಿಗಿಂತ ನಾನು ಜಾಸ್ತಿ ಖುಷಿಪಟ್ಟೆ. ಡಾಕ್ಟರ್ ಮಾತ್ರ ತಲೆ ಅಲ್ಲಾಡಿಸಿದರು. ರೋಗದ ತಾಯಿಗೆ ಹುಟ್ಟಿದ ಹೆಣ್ಣುಕರುಗಳಲ್ಲಿ ಕೆಲವು ರೋಗವನ್ನು ಹುಟ್ಟಿನಿಂದಲೇ ಹೊತ್ತಿರುತ್ತವಂತೆ. ರಕ್ತದಲ್ಲಿ ಪ್ರತಿಕಾಯ ಇರುವುದಿಲ್ಲ, ಯಾವ ಪರೀಕ್ಷೆಗೂ ಸಿಗುವುದಿಲ್ಲ. ಮೊದಲ ಗಬ್ಬ ತುಂಬುತ್ತಾ ಬಂದಾಗ ಅಥವಾ ಕರು ಹಾಕಿದ ಮೇಲೆ ಎದ್ದು ಕಾಣುತ್ತದೆ. ಹೀಗಾಗುವುದು ಅಪರೂಪ, ಬಹಳಷ್ಟು ಕರುಗಳು ಚೆನ್ನಾಗಿಯೇ ಇರುತ್ತವೆ ಅಂತಲೂ ಹೇಳಿದರು. ರೋಗ ಹೋಯಿತು ಅಂದುಕೊಂಡ ಹಿಂಡಿನಲ್ಲಿ ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇಂಥ ಒಂದು ಪಡ್ಡೆ ಸಾಕು.

ಚುಕ್ಕಿ ಈಗ ಗಬ್ಬ, ಎಂಟು ತಿಂಗಳು ತುಂಬಿದೆ. ಕೆಂಪಿ ಆ ಮೊದಲ ಸಲ ದಾಟದ ಏಳನೇ ತಿಂಗಳನ್ನು ಇವಳು ದಾಟಿದ್ದಾಳೆ. ಹೋದ ತಿಂಗಳೇ ಅವಳನ್ನು ಉಳಿದ ದನಗಳಿಂದ ದೂರ, ಬಿಸಿಲು ಬೀಳುವ ಕಡೆ ಒಂಟಿಯಾಗಿ ಕಟ್ಟಿದ್ದೇವೆ. ಅವಳಿಗೆ ಅದು ಹಿಡಿಸಿಲ್ಲ, ರಾತ್ರಿ ಕೂಗುತ್ತಾಳೆ. ಪಕ್ಕದ ಗೂಟದಲ್ಲಿ ಉದ್ದ ತೋಳಿನ ಗ್ಲೌಸ್ ನೇತು ಹಾಕಿದೆ. ಬಕೆಟ್ಟಿನಲ್ಲಿ ಸುಣ್ಣ ಇದೆ. ಕಸ ಹೂಳಲು ಅಣ್ಣ ಆಳದ ಗುಂಡಿ ತೋಡಿ, ನಾಯಿ ಬಗೆಯದ ಹಾಗೆ ಹಲಗೆ ಮುಚ್ಚಿ ಕಲ್ಲು ಇಟ್ಟಿದ್ದಾನೆ. ಕರು ಹಾಕಿದ ಮೇಲೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯಬೇಕು. ಆ ದಿನಕ್ಕೆ ಬರುತ್ತೇನೆ ಅಂತ ಡಾಕ್ಟರ್ ಬರೆದುಕೊಂಡಿದ್ದಾರೆ. ಅಲ್ಲಿಯ ತನಕ ಅವಳ ಹೆಸರಿನ ಮುಂದೆ ಪುಸ್ತಕದಲ್ಲಿ ಏನೂ ಬರೆದಿಲ್ಲ. ಜಾಗ ಖಾಲಿ ಬಿಟ್ಟಿದ್ದೇನೆ.